ಜಿಪ್ಸಿಗೊಂದು ಬಟ್ಟೆ ಸನ್‌ರೂಫ್, ರೋಲ್‌ಬ್ಯಾಕ್ ಪ್ಲಾನ್ ಸಮೇತ



ನಾನು ಸಕಲೇಶಪುರದ ಕಡೆಯವನು. ಹದಿನಾಲ್ಕು ವರ್ಷದಿಂದ ಪುಣೆ. ವಾಕಡ್‌ನಲ್ಲಿ ಮನೆ, ಹಿಂಜವಡಿಯಲ್ಲಿ ಕೆಲಸ. ಇಲ್ಲಿ ಕೂತಿರೋ ಅರ್ಧ ಜನರ ಬಯೋಡೇಟಾನೇ ನಂದೂ ಅನ್ನಿ. ಈ ವೇದಿಕೆ ಮೇಲೆ ಕ್ಲೌಡ್ ಬಗ್ಗೆ, ಎಐ ಬಗ್ಗೆ ತುಂಬಾ ಜನ ಮಾತಾಡಿ ಹೋಗಿದ್ದಾರೆ. ನಾನು ಇವತ್ತು ಹೊಲಿಗೆ ಬಗ್ಗೆ ಮಾತಾಡ್ತೀನಿ. ನಗ್ಬೇಡಿ. ಒಂದು ಹಳೇ ಜಿಪ್ಸಿಯ ತಲೆ ಮೇಲೆ, ನಾವೇ ಮಾಡಿಕೊಂಡ ಬಟ್ಟೆ ಸನ್‌ರೂಫ್ ಕಥೆ ಇದು.

ಮೊದಲು ಒಂದು ಪ್ರಶ್ನೆ. ಕಳೆದ ಮೂರ್ನಾಲ್ಕು ವರ್ಷದಲ್ಲಿ ಹೊಸ ಕಾರ್ ತಗೊಂಡವರು ಕೈ ಎತ್ತಿ. ಸರಿ. ಅದರಲ್ಲಿ ಸನ್‌ರೂಫ್ ಇರೋ ಮಾಡೆಲ್ಲೇ ಬೇಕು ಅಂತ ಮನೇಲಿ ಗಲಾಟೆ ಆಗಿದ್ದು ಎಷ್ಟು ಜನಕ್ಕೆ? ನೋಡಿ, ಕೈ ಕೆಳಗೇ ಇಳೀಲಿಲ್ಲ. ನಮ್ಮ ಮನೇಲೂ ಅದೇ. ಮಗಳಿಗೆ ಆಗ ಎಂಟು ವರ್ಷ. ಅವಳ ಕ್ಲಾಸಿನಲ್ಲಿ ಎಲ್ಲರ ಕಾರಿಗೂ ಸನ್‌ರೂಫ್ ಇದೆಯಂತೆ. ನಾವು ಶೋರೂಮಿಗೆ ಹೋಗಿ ಬಂದಿದ್ವಿ, ಆನ್‌ರೋಡ್ 17 ಲಕ್ಷ, ಸಾಲ 13 ಲಕ್ಷ, ಐದು ವರ್ಷ, ತಿಂಗಳಿಗೆ ಹತ್ತಿರ ಹತ್ತಿರ 27 ಸಾವಿರ ಇಎಂಐ. ಬುಕಿಂಗ್‌ಗೆ ಎರಡು ವಾರ ಇತ್ತು. ಅಷ್ಟರಲ್ಲಿ 2023ರ ಫೆಬ್ರವರಿಯಲ್ಲಿ ನನ್ನ ಕೆಲಸ ಹೋಯ್ತು. ಹದಿನೈದು ನಿಮಿಷದ ಒಂದು ಕಾಲ್, ಅಷ್ಟೆ. ಆ ವರ್ಷ ಹೇಗಿತ್ತು ಅಂತ ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಹೊಸ ಕಾರಿನ ಮಾತು ಅಲ್ಲಿಗೆ ನಿಂತಿತು. ಉಳಿದದ್ದು ಕೆಳಗೆ ಪಾರ್ಕಿಂಗ್‌ನಲ್ಲಿ ನಿಂತಿದ್ದ ಜಿಪ್ಸಿ. ಅಪ್ಪ 2004ರಲ್ಲಿ ತಗೊಂಡಿದ್ದು. ತೋಟದ ಎಲ್ಲಾ ಕೆಲಸಕ್ಕೂ ಅದೇ: ಕಾಫಿ ಹಣ್ಣಿನ ಚೀಲ, ಗೊಬ್ಬರ, ಸಿಲ್ವರ್ ಓಕ್ ಸಸಿ, ಒಂದು ಸಲ ಹೆರಿಗೆ ಆಗ್ತಿದ್ದ ಕೆಲಸದವಳು, ಇನ್ನೊಂದು ಸಲ ಒಂದು ಕರು. ಮಂಡಿ ನೋವು ಬಂದು ಕ್ಲಚ್ ತುಳಿಯೋಕೆ ಆಗದೇ ಹೋದಾಗ, 2021ರಲ್ಲಿ ನನಗೆ ಕೊಟ್ರು. ಕೆಲಸ ಹೋದ ತಿಂಗಳು ಇದನ್ನೂ ಮಾರಿಬಿಡೋಣ ಅಂತ ಒಂದು ಮಾತು ಬಂತು. ನನ್ನ ಹೆಂಡತಿ ಒಂದೇ ವಾಕ್ಯ ಹೇಳಿದ್ಲು: "ಮಾರೋದಾದ್ರೆ ಮಾವನ ಹತ್ರ ನೀವೇ ಹೇಳಿ." ಅಲ್ಲಿಗೆ ಅದೂ ನಿಂತಿತು.

ಸರಿ, ಗಾಡಿ ಇದೆ, ಎಸಿ ಇಲ್ಲ, ಪುಣೆಯ ಏಪ್ರಿಲ್ ಬರ್ತಾ ಇದೆ, ಮಗಳಿಗೆ ಸನ್‌ರೂಫ್ ಬೇಕು, ನನಗೆ ದಿನವಿಡೀ ಪುರುಸೊತ್ತು. ಇಷ್ಟು ಸೇರಿದ್ರೆ ಏನಾಗುತ್ತೆ ಹೇಳಿ?

ಜಿಪ್ಸಿ ಗೊತ್ತಿಲ್ಲದ ಚಿಕ್ಕವರಿಗೆ ಎರಡು ಮಾತು. ಮಾರುತಿ ಇದನ್ನ 1985ರ ಕೊನೆಗೆ ತಂದಿದ್ದು, 970 ಸಿಸಿ ಎಂಜಿನ್. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂತು. ನಮ್ಮದು ಅದು. ಚಾಸಿಸ್ ಬೇರೆ, ಬಾಡಿ ಬೇರೆ. ಏಣಿ ಥರದ ಚಾಸಿಸ್ ಮೇಲೆ ಬಾಡಿ ಕೂತಿರುತ್ತೆ. ನಾಗರಹೊಳೆ, ಕಬಿನಿ ಸಫಾರಿಯಲ್ಲಿ, ಸೈನ್ಯದಲ್ಲಿ ನೋಡಿರ್ತೀರಿ. ಎರಡು ನಮೂನೆ: ಗಟ್ಟಿ ಟಾಪ್, ಬಟ್ಟೆ ಟಾಪ್. ನಮ್ಮದು ಬಟ್ಟೆಯದು. ಈ ಕಥೆಯಲ್ಲಿ ಮುಖ್ಯ ವಿಷಯ ಅದೇ, ಯಾಕೆ ಅಂತ ಹೇಳ್ತೀನಿ.

ಕಾನೂನು ಮೊದಲು ಮುಗಿಸಿಬಿಡೋಣ. ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 52. ತಯಾರಕರು ಕೊಟ್ಟ ಮೂಲ ವಿವರಕ್ಕೂ ಗಾಡಿಗೂ ತಾಳೆ ಆಗದ ಹಾಗೆ ಮಾಲೀಕ ಗಾಡಿಯನ್ನ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳ್ತು. ಅದೇ ವರ್ಷದ ತಿದ್ದುಪಡಿ ಆದ ಮೇಲೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಾಗಾಗಿ ಕಬ್ಬಿಣದ ಟಾಪ್ ಇರೋ ಹಳೇ ಬೊಲೆರೋ, ಸಫಾರಿ, ಸುಮೋ ಇಟ್ಟುಕೊಂಡವರು ಈ ವಿಡಿಯೋ ನೋಡಿ ಗ್ರೈಂಡರ್ ಹಿಡ್ಕೊಂಡು ಮೇಲೆ ಹತ್ತಬೇಡಿ. ಕಾನೂನು ಪಕ್ಕಕ್ಕಿಡಿ, ಟಾಪಿನ ಕೆಳಗೆ ಅಡ್ಡಡ್ಡ ಪಟ್ಟಿಗಳಿರುತ್ತವೆ. ಗಾಡಿ ಮಗುಚಿದಾಗ ತಲೆ ಉಳಿಸೋದು ಅವೇ. ನಮ್ಮ ಗಾಡಿಯಲ್ಲಿ ಟಾಪ್ ಮೊದಲಿಂದಲೂ ಬಟ್ಟೆ, ಬಟ್ಟೆಯಾಗೇ ಉಳಿದಿದೆ. ನಾನು ಒಂದು ತೂತನ್ನೂ ಬಾಡಿಗೆ ಕೊರೆದಿಲ್ಲ.

ಇದು ನನ್ನ ಬುದ್ಧಿವಂತಿಕೆ ಅಲ್ಲ, ಅಪ್ಪನ ಷರತ್ತು. ಫೋನಿನಲ್ಲಿ ವಿಷಯ ಹೇಳಿದಾಗ ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, "ಏನಾದ್ರೂ ಮಾಡ್ಕೊ. ಆದ್ರೆ ಬೇಡ ಅಂದ ದಿನ ಮೊದಲಿನ ಹಾಗೆ ಆಗ್ಬೇಕು" ಅಂದ್ರು. ನಾವೆಲ್ಲ ಪ್ರತಿ ರಿಲೀಸಿಗೂ ಒಂದು ರೋಲ್‌ಬ್ಯಾಕ್ ಪ್ಲಾನ್ ಬರೀತೀವಲ್ಲ, ಎಷ್ಟೋ ಸಲ ಕಾಟಾಚಾರಕ್ಕೆ? ಹತ್ತನೇ ಕ್ಲಾಸು ಓದಿದ ನಮ್ಮಪ್ಪ ಅದನ್ನ ಮೊದಲನೇ ರಿಕ್ವೈರ್ಮೆಂಟ್ ಮಾಡಿಟ್ರು. ಹಾಗಾಗಿ ಕಂಪನಿಯ ಹುಡ್ ಮುಟ್ಟಲಿಲ್ಲ. ಅದನ್ನ ಬಿಚ್ಚಿ, ತೊಳೆದು, ನೆರಳಲ್ಲಿ ಒಣಗಿಸಿ, ಸುತ್ತಿ ಅಟ್ಟದ ಮೇಲೆ ಇಟ್ಟೆ. ಹೊಸ ಕೆಲಸ ಎಲ್ಲಾ ಇನ್ನೊಂದು ಹುಡ್ ಮೇಲೆ.

ಈ ಬಟ್ಟೆ ಸನ್‌ರೂಫ್ ಹೊಸ ಐಡಿಯಾ ಏನಲ್ಲ. ಫ್ರಾನ್ಸಿನ ಸಿಟ್ರೋಯೆನ್ 2ಸಿವಿ 1948ರಲ್ಲಿ ಜನರ ಮುಂದೆ ಬಂದಾಗಲೇ ಅದರ ಟಾಪ್ ಚಾಪೆ ಹಾಗೆ ಹಿಂದಕ್ಕೆ ಸುತ್ತೋ ಬಟ್ಟೆ. 1957ರ ಫಿಯೆಟ್ 500ಕ್ಕೂ ಅದೇ. ಬಡವರ ಕಾರಿಗೆ ಇದ್ದ ವ್ಯವಸ್ಥೆ ಅದು. ಗಾಜು, ಮೋಟರು, ಇಪ್ಪತ್ತು ಲಕ್ಷದ ವೇರಿಯಂಟು ಎಲ್ಲಾ ಆಮೇಲೆ ಬಂದಿದ್ದು.

ಈಗ ಕೆಲಸಕ್ಕೆ ಬರೋಣ. ಮುಂದಿನ ವಿಂಡ್‌ಶೀಲ್ಡ್ ಫ್ರೇಮು, ಡ್ರೈವರ್ ಸೀಟಿನ ಹಿಂದೆ ಬರೋ ಮೊದಲನೇ ಕಮಾನು ಪೈಪು, ಇವೆರಡರ ನಡುವಿನ ಜಾಗ ನಮ್ಮ ಸನ್‌ರೂಫು. ನಾನು ಬಿಟ್ಟ ಕಿಂಡಿ 90 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದ. ಮುಚ್ಚೋ ಬಟ್ಟೆಯ ಹಿಂದಿನ ಅಂಚು ಕಮಾನಿನ ಹತ್ತಿರ ಹುಡ್‌ಗೇ ಹೊಲಿದಿರುತ್ತೆ. ಮುಂದಿನ ಅಂಚು ಬಿಚ್ಚಿ ಹಿಂದಕ್ಕೆ ಸುತ್ತಿ, ಸ್ಕೂಲ್ ಬ್ಯಾಗಿನ ಬಕಲ್ ಇರೋ ಎರಡು ಪಟ್ಟಿಯಲ್ಲಿ ಕಟ್ಟಿಬಿಡೋದು. ಕೇಳೋಕೆ ಸುಲಭ. ಎರಡು ಶತ್ರು ಇದ್ದಾರೆ: ಗಾಳಿ, ನೀರು.

ಗಾಳಿ ಲೆಕ್ಕ ಹಾಕೋಣ, ಎಂಜಿನಿಯರಿಂಗ್ ಓದಿದ್ದು ವ್ಯರ್ಥ ಆಗಬಾರದು. ಗಂಟೆಗೆ 80 ಕಿ.ಮೀ. ಅಂದ್ರೆ ಸೆಕೆಂಡಿಗೆ 22 ಮೀಟರ್. ಆ ವೇಗದಲ್ಲಿ ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 30 ಕೆ.ಜಿ. ತೂಕದಷ್ಟು. ವಿಂಡ್‌ಶೀಲ್ಡ್ ದಾಟಿದ ತಕ್ಷಣ ಗಾಳಿ ಟಾಪನ್ನ ಕೆಳಗೆ ಒತ್ತಲ್ಲ, ಮೇಲಕ್ಕೆ ಎಳೆಯುತ್ತೆ. ನಮ್ಮ ಬಟ್ಟೆ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ, ಹಾಗಾಗಿ ಸುಮಾರು 16 ಕೆ.ಜಿ. ಎಳೆತ. 100ಕ್ಕೆ ಹೋದ್ರೆ 25 ಕೆ.ಜಿ. ವೇಗ ಕಾಲು ಪಾಲು ಏರಿದ್ರೆ ಎಳೆತ ಅರ್ಧದಷ್ಟು ಏರುತ್ತೆ, ವರ್ಗದ ಲೆಕ್ಕ ಅದು. ಒಂದು ಅಕ್ಕಿ ಮೂಟೆಯನ್ನ ಯಾರೋ ಮೇಲಿಂದ ದಾರ ಕಟ್ಟಿ ಎತ್ತುತ್ತಾ ಇದ್ದಾರೆ ಅಂದ್ಕೊಳ್ಳಿ. ಇದಕ್ಕೆ ಯೂಟ್ಯೂಬಿನಲ್ಲಿ ತೋರಿಸೋ ಹಾಗೆ ಸುತ್ತ ವೆಲ್ಕ್ರೋ ಅಂಟಿಸಿದ್ರೆ ಹೆದ್ದಾರಿಯಲ್ಲಿ ಅದು ಹಿಂದಿನ ಬೈಕಿನವನ ಮುಖದ ಮೇಲೆ ಇರುತ್ತೆ.

ವೆಲ್ಕ್ರೋ ಕೆಟ್ಟದ್ದಲ್ಲ, ಅದರ ಸ್ವಭಾವ ತಿಳಿದಿರಬೇಕು. ಒಂದು ತುದಿಯಿಂದ ಸುಲಿದ್ರೆ ಮಗುವೂ ಬಿಚ್ಚುತ್ತೆ. ಎರಡು ಪದರ ಒಂದರ ಮೇಲೊಂದು ಜಾರೋ ಹಾಗೆ ಎಳೆದ್ರೆ ದೊಡ್ಡವರಿಗೂ ಬಿಚ್ಚೋಕೆ ಆಗಲ್ಲ. ಹಾಗಾಗಿ ಕಿಂಡಿಯ ಎರಡೂ ಪಕ್ಕಕ್ಕೆ 25 ಮಿ.ಮೀ. ಅಲ್ಯೂಮಿನಿಯಂ ಎಲ್ ಆಂಗಲ್ ಹಾಕಿದೆ. ಒಂದು ಮಡಿಕೆ ಮಲಗಿರುತ್ತೆ, ಇನ್ನೊಂದು ನೆಟ್ಟಗೆ ನಿಂತಿರುತ್ತೆ. ಮುಂದೆ ಫ್ರೇಮಿನಲ್ಲಿ ಮೊದಲೇ ಇದ್ದ ಸ್ಕ್ರೂ ತೂತಿಗೆ, ಹಿಂದೆ ಕಮಾನು ಪೈಪಿಗೆ ಕ್ಲಾಂಪ್. ಮುಚ್ಚೋ ಬಟ್ಟೆ ಪಕ್ಕದಲ್ಲಿ 6 ಸೆಂ.ಮೀ. ಕೆಳಗೆ ಇಳಿದು, ಆ ನೆಟ್ಟಗಿನ ಮಡಿಕೆಯ ಹೊರಮೈಗೆ ವೆಲ್ಕ್ರೋದಲ್ಲಿ ಕೂರುತ್ತೆ. ಈಗ ಗಾಳಿ ಮೇಲಕ್ಕೆ ಎಳೆದ್ರೆ ವೆಲ್ಕ್ರೋ ಸುಲಿಯಲ್ಲ, ಜಾರಬೇಕು. ಜಾರಲ್ಲ. ವೆಲ್ಕ್ರೋದ ಗಡಸು ಪಟ್ಟಿಯನ್ನ ಗೋಂದಿನಲ್ಲಿ ಅಂಟಿಸಿಲ್ಲ, ರಿವೆಟ್ ಹೊಡೆದಿದ್ದೀನಿ. ಬಿಸಿಲಿಗೆ ಗೋಂದು ಕರಗುತ್ತೆ.

ಮುಂದಿನ ಅಂಚಿಗೆ ಮಾತ್ರ ವೆಲ್ಕ್ರೋ ನಂಬಲಿಲ್ಲ. ಬಟ್ಟೆಯ ಅಂಚಿನೊಳಗೆ ಒಂದು ಅಲ್ಯೂಮಿನಿಯಂ ಪಟ್ಟಿ, ಅದರ ಕೆಳಗೆ ಕಾರಿನ ಬಾಗಿಲಿಗೆ ಹಾಕೋ ರಬ್ಬರ್ ಬೀಡಿಂಗು, ಒಳಗಿನಿಂದ ಎರಡು ಕೊಂಡಿ. ಹಳೇ ಟ್ರಂಕ್ ಪೆಟ್ಟಿಗೆಗೆ ಎಳೆದು ಮಡಚಿ ಹಾಕೋ ಕೊಂಡಿ ಇರುತ್ತಲ್ಲ, ಅದೇ ಜಾತಿ. ಒಂದು ಕೊಂಡಿ ಕೈಕೊಟ್ರೆ ಇರಲಿ ಅಂತ ಎರಡು ನೈಲಾನ್ ಪಟ್ಟಿ ಬೇರೆ.

ನೀರಿಗೆ ಬರೋಣ. ನೀರಿನ ವಿಷಯದಲ್ಲಿ ನನ್ನ ಗುರು ಯಾರು ಅಂದ್ರೆ, ವಾಕಡ್ ಹತ್ತಿರ ರಸ್ತೆ ಬದಿಯಲ್ಲಿ ರಿಕ್ಷಾ ಹುಡ್ ಹೊಲಿಯೋ ಕಾಕಾ. ವಿಜಯಪುರ ಜಿಲ್ಲೆಯವರು, ಇಪ್ಪತ್ತೈದು ವರ್ಷದಿಂದ ಪುಣೆ. ನಾನು ಮುರುಕು ಮರಾಠಿಯಲ್ಲಿ ಹತ್ತು ನಿಮಿಷ ವಿವರಿಸಿದ ಮೇಲೆ, "ಸರ, ನೀವು ಕನ್ನಡದಾವ್ರ ಅದೀರಿ?" ಅಂದ್ರು. ಆಮೇಲೆ ನನ್ನ ಲ್ಯಾಪ್‌ಟಾಪಿನ ಡ್ರಾಯಿಂಗು ನೋಡಿ: "ಹೆಂಗ ಹೇಳ್ತೀರಿ ಹಂಗ ಹೊಲೀತೀನ್ರಿ. ಖರೆ, ಮಳಿ ನಿಮ್ ಮಾತ್ ಕೇಳಂಗಿಲ್ಲ."

ಅವರು ಹೇಳಿಕೊಟ್ಟಿದ್ದು ನಮ್ಮ ಹೆಂಚಿನ ಮನೆ ಲೆಕ್ಕವೇ. ಮೇಲಿನದು ಕೆಳಗಿನದರ ಮೇಲೆ ಬರಬೇಕು, ಎಲ್ಲಿಯೂ ಜೋಡಣೆಯ ಬಾಯಿ ನೀರು ಬರೋ ದಿಕ್ಕಿಗೆ ತೆರೆದಿರಬಾರದು. ಪಕ್ಕದ ಹುಡ್ ಬಟ್ಟೆ ಆಂಗಲ್‌ನ ಬುಡಕ್ಕೆ ಬಂದು ನಿಲ್ಲೋದಿಲ್ಲ, ಅದನ್ನ ಎರಡು ಸೆಂಟಿಮೀಟರ್ ಮೇಲೆ ಹತ್ತಿಸಿ ರಿವೆಟ್ ಹೊಡೆಯೋದು. ಬಾವಿಗೆ ಕಟ್ಟೆ ಕಟ್ಟಿದ ಹಾಗೆ. ಹೊರಗೆ ಹರಿಯೋ ನೀರು ಕಟ್ಟೆ ಹತ್ತಲ್ಲ. ಅದರ ಮೇಲೆ ಮುಚ್ಚೋ ಬಟ್ಟೆ ಕೊಡೆ ಹಾಗೆ ಇಳಿದಿರುತ್ತೆ. ಹೊಲಿಗೆ ತೂತಿಗೆ ಮೇಣ ತಿಕ್ಕೋದು. ದಾರ ಪಾಲಿಯೆಸ್ಟರ್‌ದೇ ಬೇಕು. ಹತ್ತಿ ದಾರ ಕೊಳೆಯುತ್ತೆ, ನೈಲಾನ್ ಬಿಸಿಲಿಗೆ ಬೇಗ ಸಾಯುತ್ತೆ. ಹೊಲಿಗೆ ಇಂಚಿಗೆ ಆರೋ ಏಳೋ ಸಾಕು. ಸಣ್ಣಗೆ ಹೊಲಿದ್ರೆ ಗಟ್ಟಿ ಅಂದ್ಕೋತೀವಿ, ಅಲ್ವಾ? ತೂತು ಜಾಸ್ತಿಯಾಗಿ ಅಂಚೆಚೀಟಿ ಹಾಗೆ ಹರಿಯುತ್ತೆ.

ಬಟ್ಟೆ ಯಾವುದು ಅಂತ ಎಲ್ಲರೂ ಕೇಳ್ತಾರೆ. ಪಿವಿಸಿ ಲೇಪನದ್ದು ಅಗ್ಗ, ನೀರು ಒಂದು ತೊಟ್ಟೂ ಬಿಡಲ್ಲ, ಆದ್ರೆ ಉಸಿರಾಡಲ್ಲ, ವರ್ಷಗಳ ಬಿಸಿಲಿಗೆ ಗಡಸಾಗಿ ಮಡಿಕೆಯಲ್ಲೇ ಸೀಳುತ್ತೆ. ಸುತ್ತಿ ಬಿಚ್ಚೋ ವಸ್ತುವಿಗೆ ಅದು ಸರಿಯಲ್ಲ. ಹತ್ತಿ ಕ್ಯಾನ್ವಾಸ್ ನನಗೆ ಇಷ್ಟ. ನೆನೆದಾಗ ನೂಲು ಉಬ್ಬಿ ತೂತು ತಾನೇ ಮುಚ್ಚಿಕೊಳ್ಳುತ್ತೆ. ಆದ್ರೆ ನಮ್ಮ ಮಲೆನಾಡಲ್ಲಿ ಒಂದು ಮಳೆಗಾಲಕ್ಕೆ ಬೂಷ್ಟು. ಕೊನೆಗೆ ಮನೆ ಮುಂದೆ ಬಿಸಿಲಿಗೆ ಹಾಕೋ ಛಾವಣಿಯ ಅಕ್ರಿಲಿಕ್ ಕ್ಯಾನ್ವಾಸ್ ತಗೊಂಡೆ. ಅದರಲ್ಲಿ ಬಣ್ಣ ನೂಲಾಗೋ ಮೊದಲೇ ಬೆರೆತಿರುತ್ತೆ, ಬಿಸಿಲಿಗೆ ಮಾಸಲ್ಲ. ಮೇಲಿನ ನೀರು ಜಾರೋ ಲೇಪನ ಮಾತ್ರ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಹಾಕ್ಬೇಕು. ಬಣ್ಣ ಕಪ್ಪು ಬೇಡ ಅಂತ ಖಾಕಿ.

ಇನ್ನೊಂದು ಸಣ್ಣ ವಿಷಯ, ಆದ್ರೆ ಇದನ್ನ ಬಿಟ್ರೆ ಉಳಿದಿದ್ದೆಲ್ಲ ದಂಡ. ಬಟ್ಟೆ ನಡುವೆ ಜೋತು ಬೀಳಬಾರದು. ಸರಾಸರಿ ಒಂದೇ ಸೆಂಟಿಮೀಟರ್ ಗುಳಿ ಬಿದ್ರೂ ಅದರಲ್ಲಿ ಐದು ಲೀಟರಿಗಿಂತ ಜಾಸ್ತಿ ನೀರು ನಿಲ್ಲುತ್ತೆ. ಬ್ರೇಕ್ ಹಾಕಿದಾಗ ಅಷ್ಟೂ ಮುಂದಕ್ಕೆ ನುಗ್ಗಿ ಬೀಡಿಂಗಿನ ಮೇಲೆ ಬೀಳುತ್ತೆ. ಅದಕ್ಕೆ ಅಡ್ಡಕ್ಕೆ ಎರಡು ಜೇಬು ಹೊಲಿಸಿ, ಟೆಂಟಿನ ಫೈಬರ್ ಕಡ್ಡಿ ತೂರಿಸಿದೆ. ಬಿಲ್ಲಿನ ಹಾಗೆ ಬಾಗಿ ನಡು ಮೂರು ಸೆಂಟಿಮೀಟರ್ ಎತ್ತರ ಇರುತ್ತೆ, ನೀರು ಎರಡೂ ಪಕ್ಕಕ್ಕೆ ಓಡುತ್ತೆ.

ಖರ್ಚು: ಬಟ್ಟೆ 2900, ಅಲ್ಯೂಮಿನಿಯಂ 1150, ಕೊಂಡಿ ಬಕಲ್ ವೆಲ್ಕ್ರೋ ಬೀಡಿಂಗು 800, ಹೊಲಿಗೆ 1800. ಒಟ್ಟು 6650 ರೂಪಾಯಿ. ಹೊಲಿಗೆ ಕೂಲಿಯಲ್ಲಿ ನಾನು ಚೌಕಾಸಿ ಮಾಡಲಿಲ್ಲ. ಅವತ್ತು ನನಗೆ ಸಂಬಳ ಇರಲಿಲ್ಲ ನಿಜ, ಆದ್ರೆ ಆ ಮನುಷ್ಯ ಮೂರು ಸಲ ಬಿಚ್ಚಿ ಹೊಲಿದಿದ್ರು.

ಮೇ ತಿಂಗಳಲ್ಲಿ ನಾಲ್ಕೂ ಜನ, ಅಂದ್ರೆ ನಾವು ಮೂವರು ಮತ್ತು ಜಿಪ್ಸಿ, ಊರಿಗೆ ಹೊರಟ್ವಿ. ಏಳುನೂರು ಕಿಲೋಮೀಟರಿಗಿಂತ ಜಾಸ್ತಿ. ಎಸಿ ಇಲ್ಲದ ಗಾಡಿಯಲ್ಲಿ ಬೆಳಿಗ್ಗೆ ಹತ್ತರವರೆಗೆ, ಸಂಜೆ ಐದರ ಮೇಲೆ ಟಾಪ್ ತೆರೆದ್ರೆ ಆ ಸುಖವೇ ಬೇರೆ. ಬಿಸಿಗಾಳಿ ತಾನಾಗೇ ಮೇಲಿಂದ ಹೋಗುತ್ತೆ. ನಡು ಮಧ್ಯಾಹ್ನ ತೆರೆಯೋದು ಶುದ್ಧ ಹುಚ್ಚು.

ಅಲ್ಲೊಂದು ಶಬ್ದ ಶುರುವಾಯ್ತು. 55, 60ರ ವೇಗದಲ್ಲಿ ಕಿವಿಯಲ್ಲಿ ಡಬ ಡಬ ಡಬ. ಖಾಲಿ ಬಾಟಲಿ ಬಾಯಿಗೆ ಊದಿದ್ರೆ ಬರುತ್ತಲ್ಲ, ಅದೇ ತತ್ವ. ಗಾಡಿಯೇ ಬಾಟಲಿ, ಕಿಂಡಿಯೇ ಬಾಯಿ. ಮುಂದಿನ ಅಂಚಿಗೆ ಒಂದು ಗೇಣಿಗಿಂತ ಕಮ್ಮಿ ಎತ್ತರದ ಸೊಳ್ಳೆಪರದೆ ಜಾಲರಿ ನೆಟ್ಟಗೆ ನಿಲ್ಲಿಸಿದ್ವಿ, ಹೋಯ್ತು. ಕಂಪನಿ ಸನ್‌ರೂಫುಗಳಲ್ಲೂ ಮುಂದೆ ಜಾಲರಿ ಪಟ್ಟಿ ಏಳೋದು ನೋಡಿರ್ತೀರಿ, ಅದರ ಕೆಲಸ ಇದೇ.

ಈಗ ಹೇಳೋದನ್ನ ದಯವಿಟ್ಟು ಗಮನ ಇಟ್ಟು ಕೇಳಿ. ಮೇಲೆ ತೆರೆದಾಗ ಗಾಡಿಯೊಳಗಿನ ಒತ್ತಡ ಕಮ್ಮಿಯಾಗುತ್ತೆ, ಗಾಡಿ ಒಳಗಿನಿಂದ ಹೀರೋಕೆ ಶುರುಮಾಡುತ್ತೆ. ಬಟ್ಟೆ ಹುಡ್‌ನ ಹಿಂದಿನ ಪರದೆ ತೆರೆದಿದ್ರೆ ಅಥವಾ ಜಿಪ್ ಹರಿದಿದ್ರೆ, ಸೈಲೆನ್ಸರಿನ ಹೊಗೆ ಆ ದಾರಿಯಲ್ಲಿ ಒಳಗೆ ಬರುತ್ತೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಹಿಂದೆ ಕೂತ ಮಗು ತೂಕಡಿಸ್ತಾ ಇದೆ, ಪ್ರಯಾಣದ ಸುಸ್ತು ಅಂದ್ಕೋತೀವಿ. ಹಾಗಾಗಿ ನಮ್ಮ ಗಾಡಿಯ ನಿಯಮ: ಮೇಲೆ ತೆರೆದಿದ್ರೆ ಹಿಂದಿನ ಪರದೆ ಪೂರ್ತಿ ಮುಚ್ಚಿರಬೇಕು, ಮುಂದಿನ ಪಕ್ಕದ ಕಿಟಕಿ ಸ್ವಲ್ಪ ತೆರೆದಿರಬೇಕು. ಇನ್ನೊಂದು ನಿಯಮ, ಓಡೋ ಗಾಡಿಯಲ್ಲಿ ಯಾರೂ ನಿಂತು ತಲೆ ಹೊರಗೆ ಹಾಕೋ ಹಾಗಿಲ್ಲ. ಮಗಳು ಎರಡು ದಿನ ಮುನಿಸಿಕೊಂಡ್ಲು. ಈಗ ಅವಳ ಪದ್ಧತಿ ಬೇರೆ: ಗಾಡಿ ನಿಲ್ಲಿಸಿದ ಮೇಲೆ ಸೀಟ್ ಹಿಂದಕ್ಕೆ ಒರಗಿಸಿ ಆಕಾಶ ನೋಡೋದು. ಪುಣೆಯಲ್ಲಿ ಕಾಣೋ ನಕ್ಷತ್ರ ಹತ್ತೋ ಹನ್ನೆರಡೋ. ತೋಟದಲ್ಲಿ ಎಣಿಸೋಕೆ ಹೋಗಿ ನಿದ್ದೆ ಮಾಡಿದ್ಲು.

ಊರಲ್ಲಿ ಅಪ್ಪ ಗಾಡಿ ಸುತ್ತ ಎರಡು ಸುತ್ತು ಬಂದ್ರು. ಏನೂ ಹೇಳಲಿಲ್ಲ. ನಾನು ವಾಕಡ್‌ನಲ್ಲಿ ಇಪ್ಪತ್ತು ನಿಮಿಷ ಪೈಪಿನಲ್ಲಿ ನೀರು ಬಿಟ್ಟು ಪರೀಕ್ಷೆ ಮಾಡಿದ್ದೀನಿ ಅಂದೆ. "ಮೇಲಿಂದ ಬಿಟ್ಟೆ ತಾನೆ? ನಮ್ಮಲ್ಲಿ ಮಳೆ ಮೇಲಿಂದ ಬರುತ್ತೇನೋ?" ಅಂದು, ಕಾಫಿ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯೋ ಪಂಪು ತರಿಸಿ, ಬರೀ ನೀರು ತುಂಬಿಸಿ, ವಿಂಡ್‌ಶೀಲ್ಡಿನ ಕೆಳಗಿನಿಂದ ಮೇಲಕ್ಕೆ ಹೊಡೆದ್ರು. ಶಿರಾಡಿ ಘಾಟಿಯ ಗಾಳಿಮಳೆ ಹಾಗೇ ತಾನೆ ಬರೋದು? ಎಡಗಡೆ ಮೂಲೆಯಲ್ಲಿ, ಆಂಗಲ್ಲು ಫ್ರೇಮು ಸೇರೋ ಕಡೆ, ತೊಟ್ಟು ತೊಟ್ಟಾಗಿ ಇಳೀತು. ಅಪ್ಪನ ಮುಖದಲ್ಲಿ ಸಂತೋಷ ನೋಡ್ಬೇಕಿತ್ತು. ಆ ಮೂಲೆಗೆ ಈಗ ಕಿವಿಯ ಹಾಗೆ ಒಂದು ತುಂಡು ಬಟ್ಟೆ ಇದೆ, ಅದು ಅವರದೇ ಡಿಸೈನು. ಆಮೇಲೆ ಎಡಗಡೆ ಸೀಟಿಗೆ ಹತ್ತಿ ಕೂತು, ಟೋಪಿ ಹಾಕ್ಕೊಂಡು, "ಮೇಲಿನ ತೋಟಕ್ಕೆ ಹೋಗಿ ಬರೋಣ ನಡಿ" ಅಂದ್ರು. ಮಂಡಿ ನೋವು ಬಂದ ಮೇಲೆ ಅವರು ಮೇಲಿನ ತೋಟ ನೋಡಿರಲಿಲ್ಲ. ಸಿಲ್ವರ್ ಓಕ್ ಮರಗಳನ್ನ ಕೂತಲ್ಲಿಂದಲೇ ಕತ್ತೆತ್ತಿ ನೋಡ್ತಾ, ಯಾವುದಕ್ಕೆ ಮರಗಸಿ ಮಾಡಿಸಬೇಕು ಅಂತ ನನ್ನ ಹತ್ರ ಬರೆಸ್ತಾ ಹೋದ್ರು. ಮೂವತ್ತೊಂದು ಮರ.

ಜುಲೈನಲ್ಲಿ ನನಗೆ ಕೆಲಸ ಸಿಕ್ತು. ಅದೇ ತಿಂಗಳು ತಾಮ್ಹಿಣಿ ಘಾಟಿನ ಮಳೆಯಲ್ಲಿ ಹೋಗಿ ಬಂದ್ವಿ, ಒಳಗೆ ಒಣಗೇ ಇತ್ತು. 2024ರ ಜೂನಿನಲ್ಲಿ ನೋಂದಣಿ ನವೀಕರಣಕ್ಕೆ ತಪಾಸಣೆ. ಇನ್‌ಸ್ಪೆಕ್ಟರು "ಹೇ ಕಾಯ್?" ಅಂದ್ರು. ಬಿಚ್ಚಿ ತೋರಿಸಿದೆ, ಮುಚ್ಚಿ ತೋರಿಸಿದೆ. ಬಾಡಿಗೆ ಏನಾದ್ರೂ ಕೊರೆದಿದ್ದೀರಾ ಅಂತ ಕೈಯಾಡಿಸಿ ನೋಡಿ, ಮುಂದೆ ಹೋದ್ರು. ನಿಮ್ಮ ಊರಿನ ಅಧಿಕಾರಿ ಹಾಗೇ ಮಾಡ್ತಾರೆ ಅಂತ ನಾನು ಭರವಸೆ ಕೊಡಲ್ಲ. ಮೊದಲೇ ಹೋಗಿ ಕೇಳಿ. ಕೆಎ ನಂಬರ್ ಇಟ್ಟುಕೊಂಡು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ದಾಟಿದವರು ಮೊದಲು ಎನ್‌ಒಸಿ ತಂದು ನಂಬರ್ ಬದಲಾಯಿಸಿಕೊಳ್ಳಿ. ಅದೇ ಬಾಕಿ ಇಟ್ಟುಕೊಂಡು ಸನ್‌ರೂಫ್ ತೋರಿಸೋಕೆ ಹೋಗಬೇಡಿ. ಇನ್ಶೂರೆನ್ಸಿನವರಿಗೂ ಫೋಟೋ ಸಮೇತ ಇಮೇಲ್ ಹಾಕಿಡಿ. ಹಾಂ, ಲ್ಯಾಪ್‌ಟಾಪ್ ಬ್ಯಾಗ್ ಗಾಡಿಯಲ್ಲಿ ಬಿಟ್ಟು ಹೋಗಬೇಡಿ. ಬಟ್ಟೆ ಟಾಪಿಗೆ ಕಳ್ಳನಿಗೆ ಬ್ಲೇಡ್ ಸಾಕು.

ನೆನೆದಾಗ ಸುತ್ತಿ ಕಟ್ಟಿ ಇಡಬೇಡಿ, ಮನೆಗೆ ಬಂದ ಮೇಲೆ ಬಿಚ್ಚಿ ಒಣಗಿಸಿ. ಅಳತೆಯ ಕಾಗದದ ನಕ್ಷೆ ವಿಡಿಯೋ ಕೆಳಗೆ ಹಾಕಿಸ್ತೀನಿ, ಆದ್ರೆ ಕಣ್ಣುಮುಚ್ಚಿ ಕತ್ತರಿಸಬೇಡಿ. ಹಳೇ ಗಾಡಿಗಳ ಕಮಾನು ಒಂದೊಂದು ಒಂದೊಂದು ಕಡೆ ವಾಲಿರುತ್ತೆ. ಹಳೇ ಬೆಡ್‌ಶೀಟ್ ಮೇಲೆ ಮೊದಲು ಕತ್ತರಿಸಿ ನೋಡಿ. ಪುಣೆಯವರು ಯಾರಾದ್ರೂ ಕಾಕಾ ಹತ್ರ ಹೋಗೋದಾದ್ರೆ ಮಾರ್ಚ್ ಒಳಗೆ ಹೋಗಿ. ಏಪ್ರಿಲ್ ಆಯ್ತು ಅಂದ್ರೆ ಮಳೆಗಾಲಕ್ಕೆ ಮುಂಚೆ ಹುಡ್ ಬದಲಾಯಿಸೋ ರಿಕ್ಷಾದವರ ಸಾಲು ನಿಂತಿರುತ್ತೆ. ಅವರದು ಹೊಟ್ಟೆಪಾಡು, ನಮ್ಮದು ಶೋಕಿ. ಅವರನ್ನ ಬಿಟ್ಟು ನಮ್ಮದು ಹೊಲೀರಿ ಅಂದ್ರೆ ಕಾಕಾ ಹೊಲಿಯಲ್ಲ, ಈಗಲೇ ಹೇಳಿದ್ದೀನಿ.